ಸ್ಟಾಪ್‌ವಾಚ್ ಹಿಡಿದ ಹೆಬ್ಬೆರಳು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 41 ವರ್ಷ. ಕಾಲೇಜಿನಲ್ಲಿ 400 ಮೀಟರ್ ಓಡುತ್ತಿದ್ದರು. ಅಂತರ ವಿಶ್ವವಿದ್ಯಾಲಯ ಕೂಟದ ಫೈನಲ್‌ನಲ್ಲಿ ನಾಲ್ಕನೆಯವರಾದರು. ಈಗ ಕೋಚ್. ಅವರ ಕೈಯಲ್ಲಿ ಪಳಗಿದ ಮಕ್ಕಳು ರಾಜ್ಯ ಮಟ್ಟದಲ್ಲಿ ಪದಕ ತರುತ್ತಿದ್ದಾರೆ. ಶಾಲು, ಹಾರ, ಸನ್ಮಾನ ಎಲ್ಲ ಆಗಿದೆ. ಆದರೆ ಮೂರು ತಿಂಗಳಿಂದ ನಿದ್ದೆಯಿಲ್ಲ. ಸಣ್ಣ ಮಾತಿಗೂ ಸಿಡುಕು. ಹೆಂಡತಿಯೇ ಒತ್ತಾಯ ಮಾಡಿ ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕಳಿಸಿದ್ದರು.

ಡಿಗ್ರಿ ಎರಡನೇ ವರ್ಷದ ಶಿಷ್ಯೆಯೊಬ್ಬಳು "ಸರ್, ನಾನು 400 ಬಿಟ್ಟು 800 ಮೀಟರ್‌ಗೆ ಹೋಗ್ತೀನಿ" ಅಂದಿದ್ದಳಂತೆ.

"ಅವಳದ್ದು 400 ಓಡೋ ಕಾಲು. ಕೊನೇ 80 ಮೀಟರ್ ತಡ್ಕೊಂಡ್ರೆ ಪದಕ ಗ್ಯಾರಂಟಿ" ಅಂದರು. ಕೈಯಲ್ಲಿ ವಾಚ್ ಇರಲಿಲ್ಲ. ಆದರೂ ಬಲಗೈ ಹೆಬ್ಬೆರಳು ಒತ್ತುತ್ತಲೇ ಇತ್ತು.

ಆ 80 ಮೀಟರ್ ಹೇಗಿರುತ್ತೆ ಅಂತ ಕೇಳಿದೆ. ಕಾಲು ಕಲ್ಲಾಗುತ್ತೆ, ಮಂಡಿ ಮೇಲೇಳಲ್ಲ, ಪಕ್ಕದ ಲೇನಿನವನ ಉಸಿರು ಕೇಳಿಸುತ್ತೆ ಅಂದರು.

"ಇದು ಯಾರ ಓಟ ಸರ್?"

ತುಂಬಾ ಹೊತ್ತು ಸುಮ್ಮನಿದ್ದರು. "ನನ್ನದೇ" ಅನ್ನುವಾಗ ಕಣ್ಣು ತುಂಬಿತ್ತು. ನಾಲ್ಕನೆಯವರಾದ ದಿನ ಯಾರೂ ಅವರ ಪಕ್ಕ ಕೂತು ಮಾತಾಡಿರಲಿಲ್ಲ. ಇಷ್ಟು ಗೆದ್ದವರಿಗೂ ಹಳೆಯ ನೋವಿರುತ್ತೆ ಅಂತ ನಾವ್ಯಾರೂ ಯೋಚಿಸುವುದಿಲ್ಲ, ಅಲ್ವಾ?

ಎರಡನೇ ಭೇಟಿಯಲ್ಲಿ ಪಿ.ಟಿ. ಉಷಾ ಅವರ ಮಾತು ಬಂತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, 400 ಮೀಟರ್ ಹರ್ಡಲ್ಸ್. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. "ಅವರ ಶಿಷ್ಯೆ ಟಿಂಟು ಲೂಕಾ ಹೆಸರು ಮಾಡಿದ್ದು ಯಾವ ಓಟದಲ್ಲಿ?" ಅಂದೆ. "800" ಅಂದವರು ನಕ್ಕುಬಿಟ್ಟರು. 2010ರಲ್ಲಿ 1 ನಿಮಿಷ 59.17 ಸೆಕೆಂಡು, ರಾಷ್ಟ್ರೀಯ ದಾಖಲೆ ಅಂತ ಅವರೇ ಸೇರಿಸಿದರು.

ಹುಡುಗಿಗೆ ಆರು ವಾರ 800ರ ಅಭ್ಯಾಸ ಕೊಡಿ, ಆಮೇಲೆ ಇಬ್ಬರೂ ಕೂತು ತೀರ್ಮಾನ ಮಾಡಿ ಅಂದೆ. ಓಟ ಮುಗಿದಾಗ ಮೊದಲು "ಹೇಗನಿಸ್ತು?" ಅಂತ ಕೇಳಿ, ಟೈಮಿಂಗ್ ಆಮೇಲೆ ಹೇಳಿ. ರಾತ್ರಿ ಊಟ ಆದ ಮೇಲೆ ರೇಸಿನ ವಿಡಿಯೋ ಬೇಡ. ಮುಖ್ಯವಾಗಿ, ಆ ಫೈನಲ್ ದಿನದ ಕಥೆಯನ್ನು ಹೆಂಡತಿಗೆ ಪೂರ್ತಿ ಹೇಳಿ. ಹದಿನೈದು ವರ್ಷ ಜೊತೆಗಿದ್ದರೂ ಅವರಿಗೆ ಅದು ಗೊತ್ತೇ ಇರಲಿಲ್ಲ. ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ ಅಂತಲೂ ಹೇಳಿದೆ.

ಅದರ ಅಗತ್ಯ ಬೀಳಲಿಲ್ಲ. ನಾಲ್ಕನೇ ಭೇಟಿಗೆ ಬಂದಾಗ ಮುಖ ಗೆಲುವಾಗಿತ್ತು. ಹುಡುಗಿ 800 ಓಡುತ್ತಿದ್ದಾಳೆ. ಮೊದಲ ಸುತ್ತಿನಲ್ಲೇ ಜಾಸ್ತಿ ಜೋರು ಹಾಕಿಬಿಡ್ತಾಳಂತೆ. ಅದನ್ನು ತಿದ್ದೋದು ಹೇಗೆ ಅಂತ ನನಗೇ ಅರ್ಧ ಗಂಟೆ ವಿವರಿಸಿದರು.