ಮೂವತ್ತನೆಯ ದಿನದ ಫೋನ್ ಕರೆ

ಓದುಗರ ಪತ್ರ: "ಆಪರೇಷನ್ ಗಾಯದ ಸೋಂಕನ್ನು ಪ್ರತಿ ಆಸ್ಪತ್ರೆಯೂ ಲೆಕ್ಕ ಇಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಐದನೇ ದಿನ ಮನೆಗೆ ಕಳಿಸಿದರು. ಒಂಬತ್ತನೇ ದಿನ ಹೊಲಿಗೆಯಲ್ಲಿ ಕೀವು. ಖಾಸಗಿ ಆಸ್ಪತ್ರೆಯಲ್ಲಿ ಗಾಯ ಬಿಚ್ಚಿ, ತೊಳೆದು, ಮತ್ತೆ ಹೊಲಿದರು. ಯಾರೋ ಲೆಕ್ಕ ಬರೆದಿದ್ದರೆ ಅವಳ ಗಾಯ ಮಾಯುತ್ತಿತ್ತೇ? ಮಾಡ್ಯುಲರ್ ಆಪರೇಷನ್ ಥಿಯೇಟರ್ ಕಟ್ಟಿಸಿ, ಶುದ್ಧ ಗಾಳಿಯ ಯಂತ್ರ ಹಾಕಿಸಿ, ವಾರಪೂರ್ತಿ ಒಳ್ಳೆಯ ಆಂಟಿಬಯಾಟಿಕ್ ಕೊಡಿ ಎಂದು ಬರೆಯಿರಿ. ಲೆಕ್ಕ ಇಡುವುದೆಲ್ಲ ಶ್ರೀಮಂತ ದೇಶಗಳಿಗೆ ಸರಿ."
ನಿವೃತ್ತ ಶಿಕ್ಷಕರು, ಹಾವೇರಿ ಜಿಲ್ಲೆ

ಗುರುಗಳೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಹಸುಗೂಸನ್ನು ಎತ್ತಿಕೊಳ್ಳಲಾರದೆ ಎರಡನೇ ಸಲ ಹೊಲಿಗೆ ಹಾಕಿಸಿಕೊಂಡ ಮಗಳನ್ನು ನೋಡಿದ ತಂದೆಗೆ ಸಿಟ್ಟು ಬರದೆ ಇನ್ನೇನು ಬಂದೀತು? ಯಂತ್ರದ ಮಾತನ್ನೂ ಪೂರ್ತಿ ತಳ್ಳಿಹಾಕುವುದಿಲ್ಲ. ನಲ್ಲಿಯಲ್ಲಿ ನೀರಿಲ್ಲದ, ಕರೆಂಟು ಹೋದಾಗಲೆಲ್ಲ ಆಟೋಕ್ಲೇವ್ (ಉಪಕರಣ, ಬಟ್ಟೆಗಳ ಕ್ರಿಮಿಯನ್ನು ಹಬೆಯಿಂದ ಕೊಲ್ಲುವ ಯಂತ್ರ) ಅರ್ಧಕ್ಕೆ ನಿಲ್ಲುವ ಕಡೆ ಮೊದಲು ಅದನ್ನು ಸರಿಪಡಿಸಲೇಬೇಕು. ಆದರೆ ಶುದ್ಧ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುವ (ಲ್ಯಾಮಿನಾರ್ ಫ್ಲೋ) ಯಂತ್ರ ಬೇರೆ ವಿಷಯ. ಕೀಲು ಬದಲಿಸುವ ಆಪರೇಷನ್‌ಗೂ ಅದನ್ನು ಬಳಸುವುದು ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಸಲಹೆ ಕೊಟ್ಟಿದೆ. ಹಾಗಿರುವಾಗ ತಾಲ್ಲೂಕು ಆಸ್ಪತ್ರೆಯ ಸಿಸೇರಿಯನ್‌ಗೆ ಅದನ್ನು ಕೇಳುವುದು ದುಡ್ಡನ್ನು ತಪ್ಪು ಜಾಗಕ್ಕೆ ಸುರಿದಂತೆ.

ಈಗ ನಿಮ್ಮದೇ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಐದನೇ ದಿನ ಗಾಯ ಚೆನ್ನಾಗಿತ್ತು, ಕೇಸ್ ಶೀಟಿನಲ್ಲಿ ಹಾಗೆಯೇ ಬರೆದಿರುತ್ತಾರೆ. ಒಂಬತ್ತನೇ ದಿನ ಕೀವು ಬಂದದ್ದು ಖಾಸಗಿ ಆಸ್ಪತ್ರೆಗೆ ಗೊತ್ತು, ನಿಮಗೆ ಗೊತ್ತು. ಹೊಲಿಗೆ ಹಾಕಿದ ಡಾಕ್ಟರಿಗೆ ಗೊತ್ತಿಲ್ಲ, ಆ ದಿನ ಬಟ್ಟೆ, ಉಪಕರಣ ತುಂಬಿದ ಡ್ರಮ್ಮನ್ನು ಆಟೋಕ್ಲೇವ್ ಮಾಡಿದವರಿಗೆ ಗೊತ್ತಿಲ್ಲ. ಆಸ್ಪತ್ರೆಯ ತಿಂಗಳ ವರದಿಯಲ್ಲಿ ಸೋಂಕು ಸೊನ್ನೆ. ಅದೇ ವಾರ ಅದೇ ಥಿಯೇಟರಿನಲ್ಲಿ ಇನ್ನೂ ನಾಲ್ವರಿಗೆ ಹೀಗಾಗಿದ್ದರೂ ಆ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ನಿಮ್ಮ ಮಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಹಾಗಾಗಿಯೇ ಮುಂದಿನ ಬಾಣಂತಿಗೂ ಅದೇ ಆಗುತ್ತದೆ.

ಇದು ಊಹೆಯ ಮಾತಲ್ಲ. ದೆಹಲಿಯ ಏಮ್ಸ್ ಟ್ರಾಮಾ ಸೆಂಟರ್, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ನಮ್ಮ ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಸೇರಿ ನಡೆಸಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿದರು. ನೂರಕ್ಕೆ ಐದರಷ್ಟು ಜನರಿಗೆ ಗಾಯದ ಸೋಂಕು ಬಂದಿತ್ತು, ಅದರಲ್ಲಿ ಮೂರನೇ ಎರಡು ಪಾಲು ಸಿಕ್ಕಿದ್ದು ಡಿಸ್ಚಾರ್ಜ್ ಆದ ಮೇಲೆ. ಇಂಥ ದೊಡ್ಡ ಆಸ್ಪತ್ರೆಗಳೇ ಮನೆಯವರೆಗೆ ಹಿಂಬಾಲಿಸದಿದ್ದರೆ ಹೆಚ್ಚಿನ ಪಾಲು ಕಾಣುತ್ತಲೇ ಇರಲಿಲ್ಲ.

ಲೆಕ್ಕ ಶ್ರೀಮಂತರಿಗೆ ಎಂದಿರಿ. ಈ ಲೆಕ್ಕಕ್ಕೆ ಬೇಕಾದದ್ದು ಒಂದು ರಿಜಿಸ್ಟರ್, ಒಂದು ಫೋನ್, ದಿನಕ್ಕೆ ಒಂದು ಗಂಟೆ ಬಿಡುವಿರುವ ಒಬ್ಬ ನರ್ಸ್. ಪ್ರತಿ ಆಪರೇಷನ್‌ಗೂ ಒಂದು ಸಾಲು: ತಾರೀಖು, ಯಾವ ಆಪರೇಷನ್, ತುರ್ತೋ ನಿಗದಿತವೋ, ಶುರುವಾದ ಮತ್ತು ಮುಗಿದ ಸಮಯ, ಆಂಟಿಬಯಾಟಿಕ್ ಕೊಟ್ಟ ನಿಮಿಷ, ಕೊಯ್ದ ನಿಮಿಷ. ಎರಡು ಫೋನ್ ನಂಬರ್ ಬರೆದುಕೊಳ್ಳಬೇಕು. ಸಾಮಾನ್ಯವಾಗಿ ಗಂಡನ ನಂಬರ್ ಒಂದನ್ನೇ ಪಡೆಯುತ್ತಾರೆ, ಅವನು ಬೆಂಗಳೂರಲ್ಲಿ ಕೆಲಸದಲ್ಲಿರುತ್ತಾನೆ, ಬಾಣಂತಿ ತವರಲ್ಲಿರುತ್ತಾಳೆ. ತವರಿನ ನಂಬರ್ ಬೇಕೇ ಬೇಕು. ಹತ್ತನೇ ದಿನ ಒಂದು ಕರೆ, ಮೂವತ್ತನೇ ದಿನ ಇನ್ನೊಂದು. "ಚೆನ್ನಾಗಿದ್ದೀರಾ?" ಎಂದು ಕೇಳಿದರೆ "ಹೂಂ" ಎಂದೇ ಉತ್ತರ ಬರುತ್ತದೆ. ಹೀಗೆ ಕೇಳಬೇಕು: ಗಾಯದಿಂದ ಕೀವು ಬಂತೇ? ಹೊಲಿಗೆ ತಾನಾಗಿ ಬಿಚ್ಚಿತೇ, ಡಾಕ್ಟರು ಬಿಚ್ಚಿದರೇ? ಸುತ್ತ ಕೆಂಪು, ಬಾವು, ಬಿಸಿ ಇದೆಯೇ? ಜ್ವರ ಬಂತೇ? ಬೇರೆ ಆಸ್ಪತ್ರೆಗೆ ತೋರಿಸಿದಿರಾ, ಅಲ್ಲಿ ಏನು ಕೊಟ್ಟರು? ಹೌದು ಎಂದವರನ್ನು ಕರೆಸಿ ಕಣ್ಣಾರೆ ನೋಡಬೇಕು. ಹೊಲಿಗೆ ದಾರ ಹೊಕ್ಕ ತೂತಿನಲ್ಲಷ್ಟೇ ಚೂರು ಕೀವಿದ್ದರೆ ಅದನ್ನು ಸೋಂಕೆಂದು ಎಣಿಸುವುದಿಲ್ಲ. ಫೋನ್ ಎತ್ತದವರನ್ನು "ಸೋಂಕಿಲ್ಲ" ಎಂಬ ಕಾಲಮ್ಮಿಗೆ ಸೇರಿಸಬಾರದು. ಶಾಲೆಗೆ ಬಾರದ ಮಗುವಿಗೆ ನೀವು ಹಾಜರಿ ಹಾಕುತ್ತಿದ್ದಿರೇನು?

ಫೋನಿನಲ್ಲಿ ಕೇಳಿದರೆ ನಿಜ ಗೊತ್ತಾಗುತ್ತದೆಯೇ ಎಂಬ ಅನುಮಾನ ಸಹಜ. ಕೀನ್ಯಾದಲ್ಲೂ ತಾಂಜಾನಿಯಾದಲ್ಲೂ ಫೋನ್ ಉತ್ತರವನ್ನು ಡಾಕ್ಟರ ತಪಾಸಣೆಯೊಂದಿಗೆ ಹೋಲಿಸಿ ನೋಡಿದ್ದಾರೆ. ಹತ್ತು ಸೋಂಕಿನಲ್ಲಿ ಸುಮಾರು ಏಳು ಸಿಕ್ಕವು. ಇಲ್ಲದ ಸೋಂಕನ್ನು ಇದೆ ಎಂದವರು ಇಲ್ಲವೆನ್ನುವಷ್ಟು ಕಡಿಮೆ. ಏನೂ ಕಾಣದಿರುವುದಕ್ಕಿಂತ ಹತ್ತರಲ್ಲಿ ಏಳು ಕಾಣುವುದು ಎಷ್ಟೋ ಮೇಲು.

ಎಣಿಸುವವರಿಗೆ ಒಂದು ಎಚ್ಚರಿಕೆ. ತಿಂಗಳಿಗೆ 60 ಸಿಸೇರಿಯನ್ ಆಗುವ ಕಡೆ 3 ಸೋಂಕು ಎಂದರೆ ಶೇ. 5, ಒಂದೇ ಒಂದು ಹೆಚ್ಚಾದರೆ ಶೇ. 6.7. ಒಂದು ತಿಂಗಳ ಏರಿಳಿತಕ್ಕೆ ಗಾಬರಿ ಬೇಡ, ಮೂರು ತಿಂಗಳನ್ನು ಕೂಡಿಸಿ ನೋಡಬೇಕು.

ಎಣಿಸಿ ಏನಾಯಿತು ಎಂದು ಕೇಳುತ್ತೀರಿ. ಕೀನ್ಯಾ, ಉಗಾಂಡಾ, ಜಾಂಬಿಯಾ, ಜಿಂಬಾಬ್ವೆಯ ಐದು ಆಸ್ಪತ್ರೆಗಳು 30 ದಿನಗಳವರೆಗೆ ರೋಗಿಗಳನ್ನು ಹಿಂಬಾಲಿಸಿ, ತಮ್ಮ ಅಂಕಿಯನ್ನು ತಾವೇ ನೋಡಿಕೊಂಡು, ತಮ್ಮಿಂದ ಆಗುವ ಬದಲಾವಣೆಗಳನ್ನು ತಾವೇ ಆರಿಸಿಕೊಂಡವು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸೋಂಕು ಶೇ. 8.0ರಿಂದ 3.8ಕ್ಕೆ ಇಳಿದಿತ್ತು. ಹೊಸ ಕಟ್ಟಡ ಕಟ್ಟಲಿಲ್ಲ. ಆಪರೇಷನ್‌ಗೆ ಮೊದಲು ಸ್ನಾನ, ಬ್ಲೇಡಿನಿಂದ ಕೂದಲು ಬೋಳಿಸದಿರುವುದು, ಆಂಟಿಬಯಾಟಿಕ್ ಸಮಯಕ್ಕೆ ಕೊಡುವುದು, ಸುಮ್ಮಸುಮ್ಮನೆ ಥಿಯೇಟರ್ ಬಾಗಿಲು ತೆರೆಯದಿರುವುದು, ಕೈ ಉಜ್ಜಿ ಶುದ್ಧಿ ಮಾಡಿಕೊಳ್ಳಲು ಸ್ಥಳೀಯವಾಗಿ ತಯಾರಿಸಿದ ಆಲ್ಕೋಹಾಲ್ ದ್ರಾವಣ (ಹ್ಯಾಂಡ್‌ರಬ್ಬು), ಇಷ್ಟೇ. ಆ ಹ್ಯಾಂಡ್‌ರಬ್ಬಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅಳತೆ ಯಾವ ಜಿಲ್ಲಾ ಆಸ್ಪತ್ರೆಯ ಫಾರ್ಮಸಿಗೂ ಎಟಕುವಂಥದ್ದು: 10 ಲೀಟರಿಗೆ ಶೇ. 96ರ ಎಥನಾಲ್ 8,333 ಮಿಲಿ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, ಶೇ. 98ರ ಗ್ಲಿಸರಾಲ್ 145 ಮಿಲಿ, ಉಳಿದದ್ದು ಕುದಿಸಿ ಆರಿಸಿದ ನೀರು. ಬಾಟಲಿಗೆ ತುಂಬಿ 72 ಗಂಟೆ ಇಟ್ಟ ಮೇಲೆಯೇ ಬಳಸಬೇಕು. ಆಲ್ಕೋಹಾಲಿನಲ್ಲೋ ಬಾಟಲಿಯಲ್ಲೋ ಉಳಿದಿರಬಹುದಾದ ಬೀಜಕಣಗಳನ್ನು ಪೆರಾಕ್ಸೈಡ್ ಕೊಲ್ಲಲು ಅಷ್ಟು ಹೊತ್ತು ಬೇಕು.

ನೀವು ಕೇಳಿದ ವಾರಪೂರ್ತಿ ಆಂಟಿಬಯಾಟಿಕ್ ಬಗ್ಗೆ ಮಾತ್ರ ಸ್ವಲ್ಪ ಗದರಿಯೇ ಹೇಳಬೇಕು, ಹಿರಿಯರು ಕ್ಷಮಿಸಬೇಕು. ಸಿಸೇರಿಯನ್‌ಗೆ ಬೇಕಾದದ್ದು ಸಾಮಾನ್ಯವಾಗಿ ಸೆಫಜೋಲಿನ್ 2 ಗ್ರಾಂ, ಒಂದೇ ಸಲ, ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ. ಚಾಕು ಇಳಿಯುವ ಹೊತ್ತಿಗೆ ಔಷಧ ಅಂಗಾಂಶದಲ್ಲಿ ತುಂಬಿರಬೇಕು. ಆಪರೇಷನ್ ನಾಲ್ಕು ಗಂಟೆ ದಾಟಿದರೆ, ರಕ್ತ ತುಂಬಾ ಹೋದರೆ ಮತ್ತೊಂದು ಡೋಸ್. ಆಮೇಲೆ ಬೇಡ. ನಡೆಯುತ್ತಿರುವುದು ಇದರ ತಲೆಕೆಳಗು: ಥಿಯೇಟರಿನಲ್ಲಿ ಮರೆತು, ವಾರ್ಡಿನಲ್ಲಿ ಐದು ದಿನ ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆಂಟಿಬಯಾಟಿಕ್. ಕೀನ್ಯಾದ ಥೀಕಾ ಆಸ್ಪತ್ರೆಯಲ್ಲೂ ಹೀಗೇ ಇತ್ತು. ಅಲ್ಲಿ ನಿಯಮ ಬದಲಿಸಿ, ಮುಂಚಿನ ಡೋಸನ್ನು ಕಡ್ಡಾಯ ಮಾಡಿ ಆಮೇಲಿನದನ್ನು ಬಹುಪಾಲು ನಿಲ್ಲಿಸಿದರು. ಸೋಂಕು ಹೆಚ್ಚಲಿಲ್ಲ, ಔಷಧದ ಖರ್ಚು ಇಳಿಯಿತು. ಎಣಿಸುತ್ತಿದ್ದುದರಿಂದಲೇ ಅವರಿಗೆ ಆ ಧೈರ್ಯ ಬಂತು.

ದುಬಾರಿಯಾದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆಗೂ ಉತ್ತರ ಸಿಕ್ಕಿದೆ. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಫಾಲ್ಕನ್ ಪ್ರಯೋಗದಲ್ಲಿ ಟ್ರೈಕ್ಲೋಸಾನ್ ಎಂಬ ಕ್ರಿಮಿನಾಶಕ ಲೇಪಿಸಿದ ದುಬಾರಿ ಹೊಲಿಗೆ ದಾರಕ್ಕೂ ಮಾಮೂಲಿ ದಾರಕ್ಕೂ, ಚರ್ಮ ಶುದ್ಧಿಗೆ ಹಚ್ಚುವ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ಗೂ ಪೊವಿಡೋನ್ ಅಯೋಡಿನ್‌ಗೂ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬಂದ ಚೀಟಾ ಪ್ರಯೋಗದಲ್ಲಿ, ಹೊಟ್ಟೆಯನ್ನು ಮುಚ್ಚುವ ಮುನ್ನ ಎಲ್ಲರೂ ಗ್ಲೌಸ್ ಬದಲಿಸಿ ಬೇರೆ ಉಪಕರಣ ತೆಗೆದುಕೊಂಡದ್ದಕ್ಕೆ ಸೋಂಕು ಶೇ. 18.9ರಿಂದ 16.0ಕ್ಕೆ ಇಳಿಯಿತು. ಸಿಸೇರಿಯನ್ ಅದರಲ್ಲಿ ಸೇರಿರಲಿಲ್ಲ, ಕರುಳು, ಅಪೆಂಡಿಕ್ಸ್‌ನಂಥ ಆಪರೇಷನ್‌ಗಳ ಮಾತಿದು. ಒಂದು ಜೊತೆ ಗ್ಲೌಸಿಗೆ ಎಷ್ಟಾಗುತ್ತದೆ, ನೀವೇ ಹೇಳಿ.

ಇನ್ನು ಆಟೋಕ್ಲೇವ್. ಯಂತ್ರ ಬಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಮಾಮೂಲಿ ಆಟೋಕ್ಲೇವಿನಲ್ಲಿ ಬಟ್ಟೆ ಸುತ್ತಿದ ಕಟ್ಟಿಗೆ 121 ಡಿಗ್ರಿ, 15 ಪೌಂಡ್ ಒತ್ತಡ, 30 ನಿಮಿಷ. ನಿಮಿಷ ಎಣಿಸಬೇಕಾದದ್ದು 121 ಮುಟ್ಟಿದ ಮೇಲೆ, ಸ್ವಿಚ್ ಒತ್ತಿದಾಗಿನಿಂದಲ್ಲ. ಡ್ರಮ್ಮಿನ ಪಕ್ಕದ ಕಿಂಡಿ ತೆರೆಯದೆ ಒಳಗಿಟ್ಟರೆ ಹಬೆ ಒಳಗೆ ಹೋಗುವುದೇ ಇಲ್ಲ. ಗೌನುಗಳನ್ನು ಒತ್ತಿ ತುರುಕಿದರೆ ನಡುವೆ ಗಾಳಿ ಸಿಕ್ಕಿಕೊಂಡು ಅಲ್ಲಿ ಕ್ರಿಮಿ ಬದುಕುತ್ತದೆ. ಆತುರದಲ್ಲಿ ಒದ್ದೆಯಾಗಿ ತೆಗೆದು ಕಲ್ಲಿನ ಕಟ್ಟೆಯ ಮೇಲಿಟ್ಟರೆ ಒದ್ದೆ ಬಟ್ಟೆ ಹೊರಗಿನ ಕ್ರಿಮಿಯನ್ನು ಒಳಗೆ ಎಳೆಯುತ್ತದೆ. ಕಟ್ಟಿನ ಹೊರಗೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಟೇಪು ಕಪ್ಪಾದರೆ ಕಟ್ಟು ಬಿಸಿಯಾಗಿದೆ ಎಂದಷ್ಟೇ ಅರ್ಥ. ಕಟ್ಟಿನ ನಟ್ಟನಡುವೆ ಇಂಡಿಕೇಟರ್ ಪಟ್ಟಿ ಇಟ್ಟರೆ ಮಾತ್ರ ಒಳಗಿನ ಸ್ಥಿತಿ ತಿಳಿಯುತ್ತದೆ. ಇಥಿಯೋಪಿಯಾದ ಐದು ಆಸ್ಪತ್ರೆಗಳಲ್ಲಿ ಕ್ಲೀನ್ ಕಟ್ ಎಂಬ ಕಾರ್ಯಕ್ರಮ ಇಂಥ ಚಿಕ್ಕ ಚಿಕ್ಕ ಸಂಗತಿಗಳನ್ನೇ ಹಿಡಿಯಿತು: ಕಟ್ಟಿನೊಳಗೆ ಇಂಡಿಕೇಟರ್ ಪಟ್ಟಿ ಇದೆಯೇ, ಗೌನಿನಲ್ಲಿ ತೂತಿದೆಯೇ, ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟ್ ನಿಜಕ್ಕೂ ಓದಿದರೇ. ಸೋಂಕು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು.

ಲ್ಯಾಪ್ರೋಸ್ಕೋಪಿ (ಚಿಕ್ಕ ತೂತಿನ ಮೂಲಕ ಮಾಡುವ ಆಪರೇಷನ್) ಉಪಕರಣಗಳನ್ನು ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕದಲ್ಲಿ ಹತ್ತಿಪ್ಪತ್ತು ನಿಮಿಷ ನೆನೆಸಿ ನಲ್ಲಿ ನೀರಲ್ಲಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕ್ರಿಮಿ ಪೂರ್ತಿ ಸಾಯಲು ಅದರಲ್ಲಿ 10 ಗಂಟೆ ಬೇಕು, ತೊಳೆಯುವ ನೀರೂ ಸ್ಟೆರೈಲ್ ಆಗಿರಬೇಕು. ಇಲ್ಲವಾದರೆ ನೀರಿನಲ್ಲಿರುವ, ಕ್ಷಯದ ಕುಲದ ಬ್ಯಾಕ್ಟೀರಿಯಾ ತೂತಿನ ಗಾಯಕ್ಕೆ ಸೇರಿ, ಮೂರ್ನಾಲ್ಕು ವಾರದ ನಂತರ ಗಂಟಾಗಿ ಒಸರತೊಡಗುತ್ತದೆ. ಮಾಮೂಲಿ ಆಂಟಿಬಯಾಟಿಕ್ ನಾಟುವುದಿಲ್ಲ, ತಿಂಗಳುಗಟ್ಟಲೆ ಚಿಕಿತ್ಸೆ. ಒಂದು ವಾರಕ್ಕೆ ಲೆಕ್ಕ ನಿಲ್ಲಿಸುವ ಆಸ್ಪತ್ರೆಗೆ ಇದರ ಸುಳಿವೇ ಸಿಗದು.

ಹಾಗಿದ್ದೂ ಯಾಕೆ ಎಣಿಸುವುದಿಲ್ಲ? ಎಣಿಸಿದವರಿಗೆ ಶಿಕ್ಷೆ ಆಗುವುದರಿಂದ. ಪ್ರಾಮಾಣಿಕವಾಗಿ ಶೇ. 9 ಎಂದು ಬರೆದ ಸಿಸ್ಟರಿಗೆ ನೋಟಿಸು, ಸೊನ್ನೆ ಬರೆದ ಪಕ್ಕದ ಆಸ್ಪತ್ರೆಗೆ ಪ್ರಶಸ್ತಿ ಫಲಕ. ಥಿಯೇಟರ್ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಅದರ ಆಟೋಕ್ಲೇವ್ ನಡೆಸುವ ಟೆಕ್ನಿಷಿಯನ್ ಹುದ್ದೆ ಖಾಲಿ ಇರುತ್ತದೆ. ಗಾಯ ಕೀವಾಗಿ ವಾಪಸ್ ಬಂದವಳಿಗೆ ಸಿಗುವ ಉತ್ತರವೂ ನಿಮಗೆ ಗೊತ್ತೇ ಇದೆ: ಬದನೆಕಾಯಿ ತಿಂದೆಯಾ, ಬೇಳೆ ತಿಂದೆಯಾ, ನಂಜಾಗಿದೆ. ಅತ್ತೆ ಮನೆಯಲ್ಲೂ ಅದೇ ಬೈಗುಳ. ಡ್ರಮ್ಮಿನ ಕಿಂಡಿ ಮುಚ್ಚಿಟ್ಟ ತಪ್ಪು ಬಾಣಂತಿಯ ತಟ್ಟೆಗೆ ಬಂದು ಬೀಳುತ್ತದೆ. ಹೊಟ್ಟೆ ಉರಿಯುವುದು ಇಲ್ಲಿ.

ಹೊಸ ವ್ಯವಸ್ಥೆಯನ್ನೇನೂ ಹುಟ್ಟುಹಾಕಬೇಕಿಲ್ಲ. ಹಸುಗೂಸು ನೋಡಲೆಂದು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕೆಂಬ ನಿಯಮ ಇದೆ. ಅದೇ ಭೇಟಿಯಲ್ಲಿ ತಾಯಿಯ ಹೊಲಿಗೆಯನ್ನೂ ನೋಡಿ, ಕೀವಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ಅಂದೇ ತಿಳಿಸುವಂತಾಗಬೇಕು. ಆ ಹೆಚ್ಚುವರಿ ಕೆಲಸಕ್ಕೆ ಅವರಿಗೆ ಹೆಚ್ಚುವರಿ ಹಣ ಕೊಡಬೇಕು, ಬಿಟ್ಟಿ ದುಡಿಸಬಾರದು.

ಗುರುಗಳೇ, ಮಗಳ ಆಪರೇಷನ್ ತಾರೀಖು, ಕೀವು ಕಂಡ ತಾರೀಖು, ಗಾಯ ಬಿಚ್ಚಿದ ತಾರೀಖು ಬರೆದು, ಖಾಸಗಿ ಆಸ್ಪತ್ರೆಯ ಚೀಟಿಯ ಪ್ರತಿ ಇಟ್ಟು, ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಒಂದು ಪತ್ರ ಕೊಡಿ. ದೂರು ಎಂದು ಬರೆಯಬೇಡಿ, ಮಾಹಿತಿ ಎಂದು ಬರೆಯಿರಿ. ಆ ವಾರ ಅಲ್ಲಿ ಸಿಸೇರಿಯನ್ ಆದ ಬೇರೆಯವರಿಗೂ ಫೋನ್ ಮಾಡಿ ವಿಚಾರಿಸಿ ಎಂದು ಕೇಳಿ. ಉತ್ತರ ಬಂದರೆ, ಬಾರದಿದ್ದರೂ, ನಮಗೆ ತಿಳಿಸಿ.

ಸಂಪಾದಕರು