ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೊಡುವುದರಿಂದ ನಿಜವಾಗಿ ಫಲವಿದೆಯೇ?

ಶಾಲೆಯಲ್ಲಿ ಲೈಂಗಿಕ ಆರೋಗ್ಯದ ಪಾಠ ಮಾಡುವುದರಿಂದ ಫಲವಿದೆಯೇ, ಇಲ್ಲವೇ ಮಕ್ಕಳಲ್ಲಿ ಇಲ್ಲದ ಕುತೂಹಲವನ್ನು ಕೆರಳಿಸಿದಂತಾಗುತ್ತದೆಯೇ ಎಂದು ಕೇಳಿದ್ದೀರಿ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಜೊತೆಗೆ ಈ ಪಾಠವನ್ನೂ ಮಾಡುವ ಶಿಕ್ಷಕಿಯಾಗಿ ಉತ್ತರಿಸುತ್ತಿದ್ದೇನೆ.

ನಿಮ್ಮ ಎರಡನೆಯ ಆತಂಕಕ್ಕೆ ಆಧಾರವಿಲ್ಲ. ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಪರಿಶೀಲಿಸಿ ಯುನೆಸ್ಕೊ, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು 2018ರಲ್ಲಿ ಹೊರತಂದ ಪರಿಷ್ಕೃತ ಮಾರ್ಗಸೂಚಿಯು, ಈ ಶಿಕ್ಷಣದಿಂದ ಮಕ್ಕಳು ಲೈಂಗಿಕ ಚಟುವಟಿಕೆಗೆ ಬೇಗ ತೊಡಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಮದುವೆಯವರೆಗೆ ಸಂಯಮದಿಂದಿರಿ ಎಂದಷ್ಟೇ ಬೋಧಿಸಿದ ಕಾರ್ಯಕ್ರಮಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, 2007ರ ವರದಿಯ ಪ್ರಕಾರ, ಆ ಪಾಠ ಕೇಳಿದವರಿಗೂ ಕೇಳದವರಿಗೂ ನಡವಳಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಫಲದ ಪ್ರಶ್ನೆಗೆ ಇಷ್ಟು ಸುಲಭವಾಗಿ ಉತ್ತರಿಸಲಾಗದು. ಪಾಠದಿಂದ ತಿಳಿವಳಿಕೆ ಹೆಚ್ಚುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ 55 ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಆರೋಗ್ಯ ಸಂಶೋಧಕರ ಜಾಲದ 2016ರ ವಿಮರ್ಶೆಗೆ, ಕೇವಲ ಶಾಲಾ ಪಾಠದಿಂದ ಎಚ್‌ಐವಿಯಂತಹ ಸೋಂಕುಗಳು ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ಲೈಂಗಿಕ ಶಿಕ್ಷಣದ ಪರವಾಗಿ ವಾದಿಸುವ ನನ್ನಂಥವರು ಇದನ್ನು ಮುಚ್ಚಿಡಬಾರದು.

ಕಾರಣವೇನೆಂಬುದು ನನಗೆ ತರಗತಿಯಲ್ಲಿ ಹೆಸರಿಲ್ಲದೆ ಬರುವ ಚೀಟಿಗಳಲ್ಲಿ ಕಾಣುತ್ತದೆ. ಸ್ವಪ್ನಸ್ಖಲನವಾದರೆ ನಿಶ್ಶಕ್ತಿ ಬರುತ್ತದೆಯೇ, ಮುಟ್ಟು ತಿಂಗಳು ತಪ್ಪಿದರೆ ಕಾಯಿಲೆಯೇ ಎಂಬಂತಹ ಪ್ರಶ್ನೆಗಳಿಗೆ ಮಾಹಿತಿಯೇ ಮದ್ದು. ಒಂದೇ ಪೀರಿಯಡ್‌ನಲ್ಲಿ ಎಷ್ಟೋ ಮಕ್ಕಳ ಭಯ ಇಳಿಯುವುದನ್ನು ನೋಡಿದ್ದೇನೆ. ಆದರೆ 'ಬೇಡ ಅಂದರೆ ಅವನು ಮಾತು ಬಿಡುತ್ತಾನೆ, ಏನು ಮಾಡಲಿ?' ಎಂದು ಬರೆದ ಹುಡುಗಿಗೆ ಸೋಂಕು ಹೇಗೆ ಹರಡುತ್ತದೆ ಎಂಬ ಚಿತ್ರಪಟದಿಂದ ಏನೂ ಉಪಯೋಗವಿಲ್ಲ. ಅವಳಿಗೆ ಬೇಕಿರುವುದು ಬೇಡ ಎನ್ನುವ ಅಭ್ಯಾಸ, ಮತ್ತು ಅದೇ ತರಗತಿಯಲ್ಲಿ ಕುಳಿತ ಹುಡುಗರಿಗೆ ಬೇಕಿರುವುದು ಆ ಮಾತನ್ನು ಒಪ್ಪಿಕೊಳ್ಳುವ ಅಭ್ಯಾಸ.

ಸಂಶೋಧನೆಯೂ ಇದನ್ನೇ ಹೇಳುತ್ತದೆ. 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 22 ಕಾರ್ಯಕ್ರಮಗಳನ್ನು ಹೋಲಿಸಿ ನೋಡಿತು. ಹೆಣ್ಣು-ಗಂಡಿನ ನಡುವಿನ ಅಧಿಕಾರದ ಅಸಮತೋಲನವನ್ನು ನೇರವಾಗಿ ಚರ್ಚಿಸಿದವುಗಳಲ್ಲಿ ಶೇ. 80ರಷ್ಟು ಕಾರ್ಯಕ್ರಮಗಳು ಸೋಂಕನ್ನು ಅಥವಾ ಬೇಡದ ಗರ್ಭಧಾರಣೆಯನ್ನು ತಗ್ಗಿಸಿದ್ದವು. ಆ ವಿಷಯವನ್ನೇ ಎತ್ತದವುಗಳಲ್ಲಿ ಹಾಗೆ ಯಶಸ್ವಿಯಾದವು ಶೇ. 17ರಷ್ಟು ಮಾತ್ರ. ಇಷ್ಟು ದೊಡ್ಡ ಅಂತರವನ್ನು ಪಠ್ಯ ರೂಪಿಸುವವರು ಇನ್ನೂ ಗಂಭೀರವಾಗಿ ತೆಗೆದುಕೊಳ್ಳದಿರುವುದು ನನಗೆ ನೋವಿನ ವಿಷಯ.

ಆದ್ದರಿಂದ ನಿಮ್ಮ ಮಗುವಿನ ಶಾಲೆಯಲ್ಲಿ ಈ ಪಾಠವಿದೆಯೇ ಎಂದಷ್ಟೇ ವಿಚಾರಿಸಿ ಸುಮ್ಮನಾಗಬೇಡಿ. ವರ್ಷಕ್ಕೊಮ್ಮೆ ವೈದ್ಯರೊಬ್ಬರು ಬಂದು ಭಾಷಣ ಮಾಡಿ ಹೋಗುತ್ತಾರೆಯೇ, ಇಲ್ಲವೇ ತರಬೇತಿ ಪಡೆದ ಶಿಕ್ಷಕರು ವಯಸ್ಸಿಗೆ ತಕ್ಕಂತೆ ವರ್ಷದಿಂದ ವರ್ಷಕ್ಕೆ ಮುಂದುವರಿಸುತ್ತಾರೆಯೇ, ಹುಡುಗರನ್ನು ಹೊರಗೆ ಕಳುಹಿಸಿ ಹುಡುಗಿಯರಿಗೆ ಮಾತ್ರ ಹೇಳುತ್ತಾರೆಯೇ, ತೊಂದರೆಗೆ ಸಿಲುಕಿದ ಮಗು ಗುಟ್ಟಾಗಿ ಹೋಗಿ ಮಾತನಾಡಬಲ್ಲ ಆರೋಗ್ಯ ಕಾರ್ಯಕರ್ತರು ಯಾರಾದರೂ ಇದ್ದಾರೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.