ಸೋವಿಯತ್ ಒಡೆದ ಮೇಲೆ ಕಿರ್ಗಿಸ್ತಾನದಲ್ಲಿ ಯಾರ ಮನೆ ಸ್ಥಿತಿ ಹೇಗಾಯ್ತು?

ನೀವು ಕೇಳಿರೋದು, ಸೋವಿಯತ್ ಒಡೆದ್ಮೇಲೆ ಕಿರ್ಗಿಸ್ತಾನದಲ್ಲಿ ರಷ್ಯನ್ನರು ಮಾತ್ರ ಅನುಕೂಲವಾಗಿ ಉಳಿದು ಕಿರ್ಗಿಜ್, ಉಜ್ಬೆಕ್ ಜನ ಬಡವರಾದ್ರಾ ಅಂತ. ನಾನು ಆ ದೇಶದ ದಕ್ಷಿಣದ ಓಶ್ ಸಿಟೀಲಿ ಮೆಡಿಕಲ್ ಓದಿದೋನು, ನಮ್ಮ ಕಡೆ ಹುಡುಗ್ರು ಅಲ್ಲಿ ತುಂಬಾ ಜನ ಓದ್ತಾರೆ, ಆರು ವರ್ಷ ಅಲ್ಲಿದ್ದು ನೋಡಿದ್ದು ಕೇಳಿದ್ದು ಹೇಳ್ತೀನಿ. ಯಾವ ಜನಾಂಗ ಅನ್ನೋದಕ್ಕಿಂತ 1991ರಲ್ಲಿ ಆ ಮನೆಯವ್ರ ಕೈಲಿ ಏನಿತ್ತು ಅನ್ನೋದನ್ನ ಮೊದ್ಲು ನೋಡ್ಬೇಕು, ಸಂಬಳನಾ, ಕುರಿನಾ, ಹಿತ್ತಲಾ.

ರಷ್ಯನ್ನರ ಕೈಲಿ ಇದ್ದಿದ್ದು ಸಂಬಳ. ಹೆಚ್ಚಿನೋರು ಸಿಟೀಲಿ ಫ್ಯಾಕ್ಟರಿ ಕೆಲಸದಲ್ಲಿದ್ರು, ಆಗ ಅದೇ ಒಳ್ಳೆ ಬದುಕು. ಮಾಸ್ಕೋ ಆರ್ಡರ್ ನಿಂತು ಫ್ಯಾಕ್ಟರಿಗಳು ಬಾಗಿಲು ಹಾಕಿದ್ವು, 1992ರಲ್ಲಿ ರೇಟಿನ ಮೇಲಿದ್ದ ಹಿಡಿತ ಬಿಟ್ಟಿದ್ದೇ ತಡ ಬ್ಯಾಂಕಲ್ಲಿಟ್ಟ ದುಡ್ಡು ಕರಗಿಹೋಯ್ತು, 1993ರ ಮೇನಲ್ಲಿ ಸೋಮ್ ಅನ್ನೋ ಹೊಸ ನಾಣ್ಯ ಬಂದಾಗ 200 ರೂಬಲ್ ಕೊಟ್ರೆ 1 ಸೋಮ್. ಕೈಕಾಲು ಗಟ್ಟಿ ಇದ್ದೋರು ರಷ್ಯಾಗೆ ಹೊರಟ್ರು. 1989ರಲ್ಲಿ ದೇಶದ ಜನಸಂಖ್ಯೇಲಿ ನೂರಕ್ಕೆ 21 ಜನ ಇದ್ದೋರು ಈಗ ನಾಲ್ಕೈದರ ಆಸುಪಾಸು. ನನ್ನ ಫ್ಲ್ಯಾಟ್ ಪಕ್ಕದಲ್ಲಿ ಒಬ್ರು ರಷ್ಯನ್ ಅಜ್ಜಿ ಇದ್ರು, ಮೂವತ್ತು ವರ್ಷ ಹತ್ತಿ ಮಿಲ್ಲಲ್ಲಿ ದುಡಿದೋರು. ಮನೆ ಸ್ವಂತದ್ದೇ, ಆದ್ರೆ ಚಳಿಗಾಲದಲ್ಲಿ ಎರಡು ರೂಮು ಮುಚ್ಚಿ ಅಡುಗೆಮನೇಲೇ ಮಲಗೋರು, ಬೇಸಿಗೇಲಿ ಉಪ್ಪು ಹಾಕಿಟ್ಟ ಸೌತೇಕಾಯಿ ಬಾಟ್ಲಿಗಳನ್ನ ಎಣಿಸಿ ಎಣಿಸಿ ತೆಗೆಯೋರು. ಅವ್ರನ್ನ ನೋಡಿದ ಮೇಲೆ ರಷ್ಯನ್ನರೆಲ್ಲ ಅನುಕೂಲಸ್ಥರು ಅನ್ನೋ ಮಾತು ನನ್ ಬಾಯಲ್ಲಿ ಬರಲ್ಲ.

ಬೆಟ್ಟದ ಕಡೆ ಕಿರ್ಗಿಜ್ ಜನಕ್ಕೆ ಕುರಿ. ಕೊಲ್ಖೋಜ್ ಅಂತಾರಲ್ಲ ಸಾಮೂಹಿಕ ಬೇಸಾಯ, ಅದನ್ನ ಒಡೆದು ಹಂಚಿದಾಗ ಮೇವಿಲ್ಲ, ಡೀಸೆಲ್ ಇಲ್ಲ, ಹಿಟ್ಟು ಕಲ್ಲಿದ್ದಲಿಗೆ ಅಂತ ಕುರಿ ಮಾರಿ ಮಾರಿ ದೇಶದಲ್ಲಿ ಕೋಟಿ ಹತ್ರ ಇದ್ದ ಕುರಿ ಕೆಲವೇ ವರ್ಷದಲ್ಲಿ 40 ಲಕ್ಷಕ್ಕಿಂತ ಕೆಳಗೆ ಬಂತು.

ಉಜ್ಬೆಕ್ ಜನ ಓಶ್‌ನ ಮಹಲ್ಲಾಗಳಲ್ಲಿದ್ರು (ಮೈಸೂರಿನ ಮೊಹಲ್ಲಾ ಇದೆಯಲ್ಲ, ಅದೇ ಪದ). ಮಧ್ಯೆ ಅಂಗಳ, ಏಪ್ರಿಕಾಟ್ ಮರ, ಮೂಲೇಲಿ ತಂದೂರು, ಬಜಾರಲ್ಲಿ ಅಂಗಡಿ. ಇವ್ರ ಹತ್ರ ದುಡ್ಡು ಕೊಳೀತಿದೆ ಅಂತ ಊರಲ್ಲಿ ಮಾತು. ನನ್ ಕ್ಲಾಸ್‌ಮೇಟ್ ಮನೇಲಿ ಹನ್ನೊಂದು ಜನ, ಸೊಸೆ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮಾರೋಕೆ ನಾನ್ ರೊಟ್ಟಿ ಸುಡೋಳು, ಒಬ್ಬ ಬಜಾರಲ್ಲಿ, ಇನ್ನೊಬ್ಬ ಮಾಸ್ಕೋದಲ್ಲಿ ಗಾರೆ ಕೆಲಸಕ್ಕೆ. ಆದಾಯನ ಹನ್ನೊಂದರಿಂದ ಭಾಗಿಸಿದ್ರೆ ಆ ಮನೆಯವ್ರು ನನ್ನ ಪಕ್ಕದ ಫ್ಲ್ಯಾಟಿನ ರಷ್ಯನ್ ಅಜ್ಜಿಗಿಂತ ಬಡವ್ರು, ಆದ್ರೆ ಅಲ್ಲಿ ಒಲೆ ಒಂದೇ, ಮಕ್ಕಳು ತಿನ್ನೋದು ಕಮ್ಮಿ, ಯಾರೂ ಹಸ್ಕೊಂಡು ಮಲಗ್ತಿರ್ಲಿಲ್ಲ. ತಲೆ ಲೆಕ್ಕದಲ್ಲಿ ಭಾಗಿಸ್ತೀರೋ ಮನೆ ಲೆಕ್ಕದಲ್ಲೋ ಅನ್ನೋದ್ರ ಮೇಲೆ ಬಡವ್ರು ಯಾರು ಅನ್ನೋದೇ ಬದಲಾಗತ್ತೆ, ಅಂಕಿಅಂಶ ನೋಡುವಾಗ ದಯವಿಟ್ಟು ಇದನ್ನ ಮರೀಬೇಡಿ. ಇನ್ನು ಪೊಲೀಸ್, ಸರ್ಕಾರಿ ಕೆಲಸದಲ್ಲಿ ಉಜ್ಬೆಕ್ ಜನ ತೀರಾ ಕಮ್ಮಿ. 2010ರ ಜೂನ್‌ನಲ್ಲಿ ಕಿರ್ಗಿಜ್-ಉಜ್ಬೆಕ್ ಜನರ ಮಧ್ಯೆ ಆದ ಗಲಭೇಲಿ 400ಕ್ಕೂ ಹೆಚ್ಚು ಜನ ಸತ್ರು, ಸತ್ತೋರಲ್ಲಿ ಹೆಚ್ಚಿನೋರು ಉಜ್ಬೆಕ್‌ರೇ, ಸುಟ್ಟುಹೋದ ಮನೆ ಅಂಗಡಿಗಳಲ್ಲೂ ಹೆಚ್ಚಿನವು ಅವ್ರದ್ದೇ. ಮೂರು ತಲೆಮಾರಿನ ಗಳಿಕೆ ನಾಲ್ಕು ದಿನದಲ್ಲಿ ಹೋಯ್ತು ಅಂತ ಆ ಕ್ಲಾಸ್‌ಮೇಟ್ ತಂದೆ ಹೇಳಿದ್ದು ಇನ್ನೂ ಕಿವೀಲಿದೆ.

ಈಗ ಕಿರ್ಗಿಜ್ ಆಗ್ಲಿ ಉಜ್ಬೆಕ್ ಆಗ್ಲಿ ದಕ್ಷಿಣದ ಎಷ್ಟೋ ಮನೆ ನಡೀತಿರೋದು ರಷ್ಯಾದಿಂದ ಬರೋ ದುಡ್ಡಲ್ಲಿ. 2015ರಲ್ಲಿ ಕಿರ್ಗಿಸ್ತಾನ, ರಷ್ಯಾ ಇರೋ ಯುರೇಷಿಯನ್ ಆರ್ಥಿಕ ಒಕ್ಕೂಟ ಸೇರಿದ ಮೇಲೆ ರಷ್ಯಾದಲ್ಲಿ ಕೆಲಸಕ್ಕೆ ಪರ್ಮಿಟ್ ಬೇಡ, ಹಾಗಾಗಿ ಇನ್ನೂ ಸಲೀಸು. ವಾರ್ಡಲ್ಲಿ ನಾವು ಸ್ಕ್ಯಾನ್ ಬರೆದುಕೊಟ್ರೆ ವಯಸ್ಸಾದೋರು ಚೀಟಿ ಮಡಚಿ ಜೇಬಲ್ಲಿ ಇಟ್ಕೊಂಡು "ಮಗ ಶುಕ್ರವಾರ ಕಳಿಸ್ತಾನೆ, ಆಮೇಲೆ ಬರ್ತೀನಿ" ಅಂತ ಎದ್ದು ಹೋಗೋರು.